ಗ್ರಹಣಿಯೋ ಸೀಲಿಯಾಕ್ ರೋಗವೋ: ಒಂದು ಶಬ್ದವಿಮರ್ಶೆ

ವೈದ್ಯಶಾಸ್ತ್ರದ ಪಾರಿಭಾಷಿಕ ಶಬ್ದಗಳ ವಿಚಾರವು ವೈದ್ಯರಿಗೆ ಮಾತ್ರ ಸೇರಿದುದೆಂದು ಸಾಹಿತ್ಯದ ಅಧ್ಯಾಪಕರು ಸಾಮಾನ್ಯವಾಗಿ ಬಗೆಯುವರು. ಈ ಎಣಿಕೆ ಸರಿಯಲ್ಲ. ಹೆಸರು ತಪ್ಪಿದರೆ ರೋಗದ ನಿದಾನವೂ ತಪ್ಪುವುದುಂಟು. ಸೀಲಿಯಾಕ್ ರೋಗವನ್ನು ಕನ್ನಡದಲ್ಲಿ ಕೆಲವರು ‘ಗ್ರಹಣಿ’ ಎಂದೂ ಕೆಲವರು ‘ಗೋಧಿಯ ಅಲರ್ಜಿ’ ಎಂದೂ ಕರೆಯುತ್ತಾರೆ. ಇವುಗಳ ಯುಕ್ತಾಯುಕ್ತತೆಯನ್ನು ಕಾರವಾರ ಅಂಕೋಲೆಗಳ ಊಟ ಮತ್ತು ನುಡಿಯ ಬೆಳಕಿನಲ್ಲಿ ಇಲ್ಲಿ ಪರೀಕ್ಷಿಸಿದೆ.

ಗ್ರೀಕರ ‘ಕೊಯಿಲಿಯಾ’ ಎಂಬ ಶಬ್ದಕ್ಕೆ ಹೊಟ್ಟೆ ಎಂದರ್ಥ. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯನು ಈ ರೋಗದ ಲಕ್ಷಣಗಳನ್ನು ವಿವರಿಸಿದನು. ಇದಕ್ಕೆ ಗೋಧಿಯೇ ಕಾರಣವೆಂಬುದನ್ನು ಹಾಲೆಂಡಿನ ಡಿಕ್ಕೆ ಎಂಬವನು 1950ರ ತನ್ನ ಪ್ರಬಂಧದಲ್ಲಿ ಪ್ರತಿಪಾದಿಸಿದನು. ಮೂಲ ಹೆಸರು ಸ್ಥಾನವನ್ನಷ್ಟೇ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯದಂತೆ ಗ್ರಹಣಿಯು ಮೊದಲು ಒಂದು ಅಂಗ. ಅನ್ನವನ್ನು ಪಕ್ವವಾಗುವತನಕ ಹಿಡಿದಿಡುವ ಅಗ್ನಿಸ್ಥಾನ. ಇಂದಿನ ವೈದ್ಯರು ಜಠರವನ್ನು ದಾಟಿದೊಡನೆ ಸಿಗುವ ಸಣ್ಣ ಕರುಳಿನ ಮೊದಲ ಭಾಗದಿಂದಲೇ ಪರೀಕ್ಷೆಗೆ ತುಣುಕನ್ನು ತೆಗೆಯುತ್ತಾರೆ. ಆದುದರಿಂದ ಸ್ಥಾನಸಾಮ್ಯವನ್ನು ಒಪ್ಪಬಹುದು. ಆದರೆ ಲಕ್ಷಣವಾಗಿ ಈ ಶಬ್ದಕ್ಕೆ ಎರಡು ದೋಷಗಳಿವೆ. ಅಗ್ನಿಮಾಂದ್ಯದಿಂದಾದ ನಾನಾ ವ್ಯಾಧಿಗಳು ಇದರಲ್ಲಿ ಅಡಗುವುದರಿಂದ ಅತಿವ್ಯಾಪ್ತಿ. ಅತಿಸಾರವೇ ಇಲ್ಲದೆ, ತಿಂಗಳುಗಟ್ಟಲೆ ಹೊಟ್ಟೆನೋವು, ರಕ್ತಹೀನತೆ, ಕುಂಠಿತವಾದ ಬೆಳವಣಿಗೆ ಇವುಗಳಿಂದಲೇ ತೋರುವ ಮಕ್ಕಳ ರೋಗವನ್ನು ಇದು ಹೊರಗಿಡುವುದರಿಂದ ಅವ್ಯಾಪ್ತಿ.

‘ಗೋಧಿಯ ಅಲರ್ಜಿ’ ಎಂಬುದು ಇನ್ನೂ ಅಪಾಯಕರ. ಅಲರ್ಜಿಯು ಸಾಮಾನ್ಯವಾಗಿ ತಿಂದ ಸ್ವಲ್ಪ ಹೊತ್ತಿನಲ್ಲೇ ಕಾಣುವುದು. ಸೀಲಿಯಾಕ್ ರೋಗದಲ್ಲಿಯಾದರೋ ಗೋಧಿ, ಜವೆಗಳಲ್ಲಿರುವ ಗ್ಲುಟೆನ್ ಎಂಬ ಅಂಟಿನ ನಿಮಿತ್ತವಾಗಿ ದೇಹದ ರಕ್ಷಣಾಶಕ್ತಿಯೇ ಕರುಳಿನ ಒಳಮೈಯನ್ನು ಮೆಲ್ಲನೆ ಸವೆಯಿಸುತ್ತದೆ. ಅಲರ್ಜಿಯೆಂದು ಕೇಳಿದ ತಾಯಿತಂದೆಗಳು ಒಡನೆಯೇ ಗೋಧಿಯನ್ನು ಬಿಡಿಸುವರು. ಬಿಡಿಸಿದ ಮೇಲೆ ರಕ್ತದಲ್ಲಿನ ಪ್ರತಿಕಾಯಗಳು ಇಳಿಯುತ್ತವೆ, ಕರುಳು ಸುಧಾರಿಸುತ್ತದೆ, ಪರೀಕ್ಷೆಯು ರೋಗವಿಲ್ಲವೆಂದು ಸುಳ್ಳು ನುಡಿಯುತ್ತದೆ. ಪರೀಕ್ಷೆ ಮುಗಿಯುವವರೆಗೆ ಮಗು ಗೋಧಿಯನ್ನು ತಿನ್ನುತ್ತಿರಬೇಕೆಂಬುದು ಇಲ್ಲಿನ ಮುಖ್ಯ ನಿಯಮ.

ಕಾರವಾರ ಅಂಕೋಲೆಗಳು ಅನ್ನ ಮೀನುಗಳ ನಾಡಲ್ಲವೇ, ಅಲ್ಲಿ ಈ ಚರ್ಚೆ ಏಕೆಂದು ಕೇಳಬಹುದು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಯಸ್ಕರಲ್ಲಿ ಈ ರೋಗದ ಪ್ರತಿಕಾಯಗಳು ರಕ್ತದಲ್ಲಿ ಇರುವವರ ಪ್ರಮಾಣ ಉತ್ತರ ಭಾರತದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ 0.10 ಎಂದು ಕಂಡುಬಂದಿತು. ಆದರೆ ರೋಗಕ್ಕೆ ಎಡೆಗೊಡುವ ಆನುವಂಶಿಕ ಅಂಶವು ಎರಡು ಕಡೆಗಳಲ್ಲಿಯೂ ಹೆಚ್ಚುಕಡಿಮೆ ಸಮವಾಗಿತ್ತು. ತಿನ್ನುವ ಗೋಧಿಯ ಪ್ರಮಾಣದಲ್ಲಿಯೇ ದೊಡ್ಡ ಅಂತರ. ವಿರಳವಾದುದು ಇಲ್ಲವೇ ಇಲ್ಲವೆಂದಾಗದು. ಕಾರವಾರದ ನೌಕಾನೆಲೆಯಲ್ಲಿ ಗೋಧಿಯುಣ್ಣುವ ಪ್ರಾಂತಗಳ ಕುಟುಂಬಗಳೂ ನೆಲೆಸಿವೆ. ಸ್ಥಳೀಯರ ಮನೆಗಳಲ್ಲಿಯೂ ಪಾವ್, ಬಿಸ್ಕತ್ತು, ಉಪ್ಪಿಟ್ಟು, ರವೆಯಲ್ಲಿ ಹೊರಳಿಸಿ ಕಾಯಿಸಿದ ಮೀನು ಅಪರೂಪವಲ್ಲ.

ಶಬ್ದವಿಮರ್ಶೆಯ ನಿಜವಾದ ಪ್ರಯೋಜನ ಇಲ್ಲಿದೆ. ಪಾವ್, ಮೈದಾ, ರವೆ ಎಂಬ ಹೆಸರುಗಳಲ್ಲಿ ಗೋಧಿಯ ಸುಳಿವೇ ಇಲ್ಲ. ರವೆ, ಶ್ಯಾವಿಗೆಗಳು ಅಕ್ಕಿಯವೂ ಆಗಬಹುದು, ಗೋಧಿಯವೂ ಆಗಬಹುದು. ‘ಮಗು ಗೋಧಿ ತಿನ್ನುವುದೇ?’ ಎಂದು ಕೇಳಿದರೆ ‘ಇಲ್ಲ’ ಎಂಬ ಪ್ರಾಮಾಣಿಕವಾದ, ಆದರೆ ತಪ್ಪಾದ ಉತ್ತರ ಬರುವುದು. ತಿನಿಸುಗಳನ್ನು ಒಂದೊಂದಾಗಿ ಹೆಸರಿಸಿ ಕೇಳತಕ್ಕುದು.

ಮಕ್ಕಳ ದೀರ್ಘಕಾಲದ ಹೊಟ್ಟೆನೋವಿಗೆ ಬಹುಪಾಲು ಈ ರೋಗ ಕಾರಣವಲ್ಲವೆಂಬುದು ದಿಟ. ಆದರೂ ನೋವಿನೊಡನೆ ರಕ್ತಹೀನತೆಯೋ ಕುಗ್ಗಿದ ಬೆಳವಣಿಗೆಯೋ ಕಂಡರೆ ಜಂತು, ದೃಷ್ಟಿ ಎಂದು ಕಾಲ ಕಳೆಯದೆ ರಕ್ತಪರೀಕ್ಷೆ ಮಾಡಿಸುವುದು ಯುಕ್ತ.

ಹಾಗಾದರೆ ಹೆಸರಾವುದು? ಮಲೇರಿಯಾ, ಕಾಲರಾಗಳನ್ನು ಅರಗಿಸಿಕೊಂಡ ಕನ್ನಡಕ್ಕೆ ‘ಸೀಲಿಯಾಕ್ ರೋಗ’ ಭಾರವಾಗದು. ‘ಗೋಧಿ ಮುಂತಾದವುಗಳ ಅಂಟಿನಿಂದ ಕರುಳು ಸವೆಯುವ ಬೇನೆ’ ಎಂಬ ವಿವರಣೆಯನ್ನು ಮೊದಲ ಪ್ರಯೋಗದಲ್ಲಿ ಜೊತೆಗೆ ಕೊಡಬೇಕು. ‘ಗ್ರಹಣಿ’ಯನ್ನು ಅದರ ಶಾಸ್ತ್ರಕ್ಕೆ ಬಿಟ್ಟು, ‘ಗೋಧಿಯ ಅಲರ್ಜಿ’ಯನ್ನು ಈ ಅರ್ಥದಲ್ಲಿ ಬಳಸುವುದನ್ನು ಕೈಬಿಡುವುದೇ ಲೇಸು.