ಯಾವ ಕಾಗದ?

ಎರಡು ವರ್ಷದ ಹಿಂದೆ ನಮ್ಮ ವಿಭಾಗದ ಸೆಮಿನಾರಿನಲ್ಲಿ ಪ್ರಬಂಧವೊಂದನ್ನು ಓದಿದ್ದೆ. ವಸ್ತು ಮತ್ತು ಆಕೃತಿಯ ಬಗ್ಗೆ ನಮ್ಮ ನವ್ಯ ವಿಮರ್ಶೆ ನಡೆಸಿದ ಚರ್ಚೆಯನ್ನು ವಿವರಿಸುತ್ತ, ಶುದ್ಧ ಆಕೃತಿಗೆ ಉದಾಹರಣೆಯೆಂದು ಒರಿಗಾಮಿಯನ್ನು ತಂದಿದ್ದೆ. ಒಂದು ಚೌಕ, ಕತ್ತರಿಯಿಲ್ಲ, ಅಂಟಿಲ್ಲ, ಇರುವುದು ಬರೀ ಮಡಿಕೆ. ಹಿಂದಿನ ಸಾಲಿನಿಂದ ಎಂ.ಎ. ಹುಡುಗಿಯೊಬ್ಬಳು, “ಯಾವ ಕಾಗದದಲ್ಲಿ ಮಾಡ್ತಾರೆ ಸರ್?” ಎಂದು ಕೇಳಿದಳು. “ಯಾವುದಾದರೂ ಆದೀತು” ಅಂದೆ. ಆ ಉತ್ತರ ತಪ್ಪಾಗಿತ್ತು. ಉತ್ತರವಷ್ಟೇ ಅಲ್ಲ, ಪ್ರಬಂಧವೂ.

ಆಧುನಿಕ ಒರಿಗಾಮಿಯ ಗುರು ಎನಿಸಿಕೊಂಡ ಅಕಿರಾ ಯೋಶಿಜಾವಾ (1911–2005) ಅವರನ್ನೇ ನೋಡಿ. ಕಾರ್ಖಾನೆಯ ಕೆಲಸ ಬಿಟ್ಟು, ವರ್ಷಗಟ್ಟಲೆ ಬಡತನದಲ್ಲಿ ಮಡಿಸುತ್ತ ಕುಳಿತಿದ್ದ ಮನುಷ್ಯ. 1954ರಲ್ಲಿ ಬಂದ ಅವರ ಪುಸ್ತಕ ಮಡಿಕೆಗಳನ್ನು ತುಂಡುಗೆರೆ, ಬಾಣದ ಗುರುತುಗಳಲ್ಲಿ ಬರೆದು ತೋರಿಸಿತು. ಇವತ್ತು ಯಾವ ದೇಶದವರಾದರೂ ಭಾಷೆಯ ಹಂಗಿಲ್ಲದೆ ಒರಿಗಾಮಿ ಕಲಿಯುತ್ತಿದ್ದರೆ ಅದು ಆ ಗುರುತುಗಳಿಂದ. ಆದರೆ ಆ ನಕ್ಷೆಯಲ್ಲಿ ಕಾಗದಕ್ಕೆ ದಪ್ಪವಿಲ್ಲ, ತೂಕವಿಲ್ಲ. ಮೇಲಿಂದ ಮೇಲೆ ಆರು ಸಲ ಅರ್ಧಕ್ಕೆ ಮಡಿಸಿದರೆ ಅರವತ್ತನಾಲ್ಕು ಪದರ ಕೂಡುತ್ತದೆ. ಬೆರಳಿಗೆ ಗೊತ್ತಾಗುವ ಈ ಸಂಗತಿ ಗೆರೆಗೆ ಗೊತ್ತಿಲ್ಲ. ನಾನು ಓದಿದ್ದು ಗೆರೆಯನ್ನು ಮಾತ್ರ.

ಅದೇ ಯೋಶಿಜಾವಾ ಇನ್ನೊಂದು ಕೆಲಸ ಮಾಡಿದರು. ಕೊಂಚ ದಪ್ಪನೆಯ ಕಾಗದವನ್ನು ಹದವಾಗಿ ಒದ್ದೆ ಮಾಡಿ ಮಡಿಸಿದರು. ಗಂಜಿ ಹಾಕಿದ ಸೀರೆ ನೀರು ಸೋಕಿದರೆ ಮೆತ್ತಗಾಗಿ, ಒಣಗಿದಾಗ ಮತ್ತೆ ಸೆಟೆದು ನಿಲ್ಲುವುದಿಲ್ಲವೇ? ಇಲ್ಲೂ ಹಾಗೆಯೇ, ತಯಾರಿಸುವಾಗ ಕಾಗದಕ್ಕೆ ಸೇರಿಸಿದ ಅಂಟು ನೀರಿಗೆ ಸಡಿಲಗೊಂಡು, ಒಣಗುತ್ತ ಹೊಸ ಆಕಾರದಲ್ಲಿ ಬಿಗಿಯುತ್ತದೆ. ಚೂಪು ಅಂಚುಗಳ ಜಾಗದಲ್ಲಿ ಉಬ್ಬು ತಗ್ಗು ಬಂದವು, ಪ್ರಾಣಿಯ ಬೆನ್ನಿಗೆ ಮೈ ಬಂತು. ಅಂಗಡಿಯಲ್ಲಿ ಸಿಗುವ, ಒಂದು ಕಡೆ ಬಣ್ಣ ಇನ್ನೊಂದು ಕಡೆ ಬಿಳಿ ಇರುವ ತೆಳು ಚೌಕದಲ್ಲಿ ಇದು ಆಗುವ ಮಾತಲ್ಲ. ಇಲ್ಲಿ ಆಕೃತಿ ಮೊದಲು, ಕಾಗದ ಆಮೇಲೆ ಎನ್ನಲು ಬರುವುದಿಲ್ಲ.

ಇದನ್ನು ತಿಳಿಯಲು ನಾನೂ ಮಡಿಸಿ ನೋಡಿದೆ. ಪ್ರಬಂಧದ ಕರಡು ಅಚ್ಚಾಗಿದ್ದ ಜೆರಾಕ್ಸ್ ಹಾಳೆಯಲ್ಲಿ ಒಂದು ಕೊಕ್ಕರೆ. ಯಂತ್ರದಲ್ಲಿ ತಯಾರಾದ ಹಾಳೆಯ ನಾರು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತದೆ. ಆ ದಿಕ್ಕಿಗೆ ಮಡಿಸಿದರೆ ಒಪ್ಪುತ್ತದೆ, ಅಡ್ಡಕ್ಕೆ ಮಡಿಸಿದರೆ ಮುನಿಸಿಕೊಳ್ಳುತ್ತದೆ. ಜಪಾನಿನ ವಾಶಿ ಕಾಗದ ಬೇರೆಯೇ ಜಾತಿ. ಅದಕ್ಕೆ ಹೆಚ್ಚಾಗಿ ಬಳಸುವ ಕೋಜೋ ಗಿಡ ನಮ್ಮ ರೇಷ್ಮೆ ಸೀಮೆಯ ಹಿಪ್ಪುನೇರಳೆಗೆ ನೆಂಟ. ಅದರ ಒಳತೊಗಟೆಯ ಉದ್ದ ನಾರು ಎಷ್ಟು ಸಲ ಮಡಿಸಿ ಬಿಡಿಸಿದರೂ ಬೇಗ ಹರಿಯದು.

ಹಾಗಾದರೆ ಒಳ್ಳೆಯ ಕಾಗದ ಸಿಕ್ಕವನೇ ಒಳ್ಳೆಯ ಕಲಾವಿದನೇ? ಈ ವಾದವೂ ನನಗೆ ಒಪ್ಪಿಗೆಯಿಲ್ಲ. ಸದಾಕೊ ಸಸಾಕಿಯ ಕೊಕ್ಕರೆಗಳು ಅದಕ್ಕೆ ಅಡ್ಡ ನಿಲ್ಲುತ್ತವೆ. ಹಿರೋಶಿಮಾದ ಮೇಲೆ ಬಾಂಬು ಬಿದ್ದಾಗ ಎರಡು ವರ್ಷದವಳಾಗಿದ್ದ ಅವಳು 1955ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. 1977ರಲ್ಲಿ ಬಂದ ಎಲಿನರ್ ಕೋರ್ ಅವರ ಮಕ್ಕಳ ಪುಸ್ತಕ ಅವಳನ್ನು 644ಕ್ಕೆ ನಿಲ್ಲಿಸಿತು. ಅವಳು ಸಾವಿರ ದಾಟಿದ್ದಳು ಎನ್ನುತ್ತಾರೆ ಮನೆಯವರು. ಎಷ್ಟು ಮಡಿಸಿದಳು ಎಂದು ಲೋಕವೆಲ್ಲ ಲೆಕ್ಕ ಹಾಕಿತು. ಯಾವುದರಲ್ಲಿ ಮಡಿಸಿದಳು? ಕಾಗದಕ್ಕೆ ತತ್ವಾರ. ಆಸ್ಪತ್ರೆಯಲ್ಲಿ ಔಷಧಿ ಸುತ್ತಿ ಕೊಟ್ಟ ಕಾಗದ, ಬೇರೆ ರೋಗಿಗಳಿಗೆ ಬಂದ ಉಡುಗೊರೆಯ ಹೊದಿಕೆ. ಅದೇ ಮಡಿಕೆಗಳಲ್ಲಿ ಉತ್ತಮ ವಾಶಿಯ ಕೊಕ್ಕರೆಯೊಂದನ್ನು ಮಾಡಿ ಪಕ್ಕದಲ್ಲಿಡಿ. ನಕ್ಷೆಯಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಕೃತಿ ಮಾತ್ರ ಒಂದೇ ಅಲ್ಲ. ಅವಳ ಕಾಯಿಲೆ ಆ ಕೊಕ್ಕರೆಯ ಸಂಕೇತವಲ್ಲ, ಅದರ ಕಾಗದ.

ಕನ್ನಡದಲ್ಲಿ ‘ವಸ್ತು’ ಎಂದರೆ ಕೃತಿಯ ವಿಷಯವೂ ಹೌದು, ಕೈಗೆ ಸಿಗುವ ಪದಾರ್ಥವೂ ಹೌದು. ವಿಮರ್ಶೆ ಕಲಿಯುವಾಗ ನಾನು ಮೊದಲ ಅರ್ಥವನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟುಬಿಟ್ಟಿದ್ದೆ. (ಯಾರೂ ಬಿಡು ಎಂದಿರಲಿಲ್ಲ, ಬಿಟ್ಟರೆ ಬರೆಯುವುದು ಸುಲಭ.) ಆ ಎರಡು ಅರ್ಥಗಳ ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲದ ಕೃತಿಗಳಿವೆ. ಅವುಗಳ ಮುಂದೆ ‘ವಸ್ತು–ಆಕೃತಿ’ ಎಂಬ ಜೋಡಿಪದದ ನಡುವಿನ ಗೆರೆಯನ್ನು ಎಲ್ಲಿ ಎಳೆಯುವುದು? ನನ್ನ ಪಿಎಚ್.ಡಿ.ಯ ಎರಡನೆಯ ಅಧ್ಯಾಯ ನಿಂತಿರುವುದೇ ಆ ಗೆರೆಯ ಮೇಲೆ. ಅದನ್ನು ಮತ್ತೆ ಬರೆಯಬೇಕು, ಮಾರ್ಗದರ್ಶಕರಿಗೆ ಇನ್ನೂ ಹೇಳಿಲ್ಲ.

ಹೋದ ವಾರ ಜ್ವರಕ್ಕೆ ಮಾತ್ರೆ ತಂದೆ. ಔಷಧಿ ಅಂಗಡಿಯವರು ಹಾಕಿಕೊಟ್ಟ ಸಣ್ಣ ಕಾಗದದ ಕವರನ್ನು ಬಿಡಿಸಿ, ಚೌಕ ಮಾಡಿ, ಮಡಿಸಲು ಕೂತೆ. ಕವರಿನ ಅಂಟುಪಟ್ಟಿ ಸರಿಯಾಗಿ ಕೊಕ್ಕರೆಯ ಕತ್ತಿಗೆ ಬಂದು, ಅಲ್ಲಿ ಹರಿಯಿತು. ಎರಡನೆಯ ಕವರಿನಲ್ಲಿ ಪಟ್ಟಿ ರೆಕ್ಕೆಗೆ ಬರುವ ಹಾಗೆ ಚೌಕವನ್ನು ತಿರುಗಿಸಿಕೊಂಡೆ.