ಅಥೀನೆಯ ಮುನಿಸು, ಏಜಾಕ್ಸನ ಪತನ

ಗ್ರೀಕರ ದುರಂತ ನಾಟಕಗಳನ್ನು ಓದತೊಡಗುವ ನಮ್ಮವರ ಬಳಿ ಒಂದು ಸುಲಭ ವ್ಯಾಖ್ಯಾನವು ಮೊದಲೇ ಸಿದ್ಧವಾಗಿರುತ್ತದೆ. ಮನುಷ್ಯನು ಅಹಂಕಾರದಿಂದ ಬೀಗುತ್ತಾನೆ, ದೈವವು ಮುನಿಯುತ್ತದೆ, ಅವನು ಕೆಡುತ್ತಾನೆ. ಈ ವ್ಯಾಖ್ಯಾನವನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಕ್ರಿ. ಪೂ. 472ರಲ್ಲಿ ಅಥೆನ್ಸಿನ ರಂಗವನ್ನೇರಿದ, ಈಸ್ಕಿಲಸನ 'ಪಾರಸಿಕರು' ನಾಟಕಕ್ಕೆ ಅದು ಬಹುಮಟ್ಟಿಗೆ ಸಲ್ಲುತ್ತದೆ. ಎಂಟು ವರ್ಷಗಳ ಹಿಂದಷ್ಟೇ ಸಲಾಮಿಸ್ ಸಮುದ್ರಯುದ್ಧದಲ್ಲಿ ಸೋತಿದ್ದ ದೊರೆ ಕ್ಸರ್ಕ್ಸಸನು ಕಡಲಿಗೆ ಸೇತುವೆ ಬಿಗಿದನು, ಅವನ ಸೇನೆ ದೇವಾಲಯಗಳನ್ನು ಸುಟ್ಟಿತು, ಅದರ ಫಲವನ್ನು ಉಂಡರು ಎಂದು ತಂದೆಯ ಪ್ರೇತವೇ ಬಂದು ತೀರ್ಪು ಹೇಳುತ್ತದೆ. ಆದರೆ ಅದೇ ಅಳತೆಗೋಲನ್ನು ಸೊಫೊಕ್ಲಿಸನ 'ಏಜಾಕ್ಸ್' ನಾಟಕಕ್ಕೆ ಹಿಡಿದು ನೋಡಿರಿ. ಅರ್ಧ ದಾರಿಯಲ್ಲಿಯೇ ಅದು ಮುರಿದುಹೋಗುತ್ತದೆ.

ಕಥೆಯನ್ನು ಸಂಕ್ಷೇಪವಾಗಿ ನೆನೆಯೋಣ. ಟ್ರಾಯ್ ಯುದ್ಧದಲ್ಲಿ ಅಕಿಲೀಸನು ಮಡಿದ ಮೇಲೆ ಅವನ ಆಯುಧಗಳು ಒಡಿಸ್ಯೂಸನ ಪಾಲಾಗುತ್ತವೆ. ತನಗೆ ಸಲ್ಲಬೇಕಾದ ಮಾನ ಪರರ ಪಾಲಾಯಿತೆಂದು ಕನಲಿದ ಏಜಾಕ್ಸನು ಇರುಳಿನಲ್ಲಿ ಖಡ್ಗ ಹಿಡಿದು ಅಗಮೆಮ್ನಾನ್, ಮೆನೆಲೌಸರನ್ನು ಕೊಲ್ಲಲು ಹೊರಡುತ್ತಾನೆ. ದೇವಿ ಅಥೀನೆ ಅವನ ಕಣ್ಣಿಗೆ ಭ್ರಮೆಯನ್ನು ಕವಿಸುತ್ತಾಳೆ. ಅವನು ಕಡಿದುದು ದನಕುರಿಗಳ ಮಂದೆಯನ್ನು. ಬೆಳಗಾಗಿ ಬುದ್ಧಿ ತಿಳಿಯಾದಾಗ, ರಕ್ತಮಾಂಸದ ರಾಶಿಯ ನಡುವೆ ಗ್ರೀಕ್ ಸೇನೆಯ ಮಹಾವೀರನು ನಗೆಪಾಟಲಾಗಿ ಕುಳಿತಿದ್ದಾನೆ.

ದೇವಿಯ ಮುನಿಸಿಗೆ ಕಾರಣವೇನು? ಅದನ್ನು ಕವಿಯು ಆರಂಭದಲ್ಲಿ ಹೇಳುವುದಿಲ್ಲ. ನಾಟಕ ಬಹುದೂರ ಸಾಗಿದ ಮೇಲೆ ದೂತನೊಬ್ಬನು ಕಣಿಗಾರ ಕಾಲ್ಕಸನ ಮಾತನ್ನು ತರುತ್ತಾನೆ. ಮನೆಯಿಂದ ಹೊರಡುವಾಗ ತಂದೆಯು, ದೈವದ ನೆರವಿನೊಡನೆ ಗೆಲ್ಲು ಎಂದು ಹರಸಿದರೆ, ದೈವದ ನೆರವಿದ್ದರೆ ಕೈಲಾಗದವನೂ ಗೆದ್ದಾನು, ನಾನು ಅದಿಲ್ಲದೆ ಗೆಲ್ಲುವೆನೆಂದು ಏಜಾಕ್ಸನು ಮಾರ್ನುಡಿದಿದ್ದನಂತೆ. ಇನ್ನೊಮ್ಮೆ ಯುದ್ಧದಲ್ಲಿ ಪ್ರೋತ್ಸಾಹಿಸಬಂದ ಅಥೀನೆಯನ್ನೇ, ಬೇರೆಯವರ ಬಳಿ ನಿಲ್ಲು ಹೋಗು ಎಂದು ಕಳುಹಿಸಿದ್ದನಂತೆ. ಈ ಎರಡು ಮಾತುಗಳಿಗೆ ಇಂಥ ದಂಡನೆ! ಇದನ್ನು ಕರ್ಮಫಲವೆಂಬ ನಮ್ಮ ಪರಿಚಿತ ಪದದಿಂದ ವಿವರಿಸಹೊರಡುವವರುಂಟು. ಅದು ಸರಿಹೊಂದದು. ಕರ್ಮಕ್ಕೆ ಮುನಿಸೆಂಬುದಿಲ್ಲ, ಅಥೀನೆಗೆ ಉಂಟು. ಅವಳು ಹುಚ್ಚನನ್ನು ಗುಡಾರದಿಂದ ಹೊರಗೆ ಕರೆದು, ಅವನ ವೈರಿಯಾದ ಒಡಿಸ್ಯೂಸನಿಗೆ ತೋರಿಸಿ, ಹಗೆಯ ದುಃಸ್ಥಿತಿಯನ್ನು ಕಂಡು ನಗುವುದು ಸವಿಯಲ್ಲವೇ ಎಂದು ಕೇಳುತ್ತಾಳೆ. ಒಡಿಸ್ಯೂಸನು ನಗುವುದಿಲ್ಲ, ಮರುಗುತ್ತಾನೆ. ಅವನಲ್ಲಿ ತನ್ನನ್ನೇ ಕಾಣುತ್ತಾನೆ. ನಾಟಕದ ಮೊದಲ ಕರುಣೆ ಹೀಗೆ ದೈವದಿಂದ ಬರದೆ ಶತ್ರುವಿನಿಂದ ಬಂದಿತೆಂಬುದನ್ನು ಗಮನಿಸಿರಿ.

ಇನ್ನು, ಹಲವು ವಿಮರ್ಶಕರು ಅವಸರದಲ್ಲಿ ದಾಟಿಹೋಗುವ ಒಂದು ಅಂಶವಿದೆ. ಅಥೀನೆಯ ಕೋಪ ಆ ಒಂದು ದಿನದ ಮಟ್ಟಿಗೆ ಮಾತ್ರ. ಅಂದು ಏಜಾಕ್ಸನನ್ನು ಗುಡಾರದೊಳಗೆ ಕಾಪಾಡಿಕೊಂಡರೆ ಅವನು ಉಳಿದಾನೆಂದು ಕಾಲ್ಕಸನು ತಿಳಿಸಿದ್ದಾನೆ. ಸುದ್ದಿ ಬರುವ ಹೊತ್ತಿಗೆ ಏಜಾಕ್ಸನು ಹೊರಗೆ ಹೋಗಿಯಾಗಿದೆ. ದೈವದ ದಂಡನೆಗೆ ಸೂರ್ಯಾಸ್ತದ ಗಡುವಿದ್ದರೆ, ಮನುಷ್ಯನು ತಾನೇ ತನಗೆ ವಿಧಿಸಿಕೊಂಡ ದಂಡನೆಗೆ ಗಡುವಿರಲಿಲ್ಲ. ಅಥೀನೆ ಅವನ ಕಣ್ಣನ್ನು ಕೆಡಿಸಿದಳೇ ಹೊರತು ಖಡ್ಗವನ್ನು ಅವನ ಎದೆಗೆ ಗುರಿಮಾಡಲಿಲ್ಲ. ಅದನ್ನು ನೆಲದಲ್ಲಿ ನೆಟ್ಟವನು ಅವನೇ. ಅದಾದರೂ ಶತ್ರು ಹೆಕ್ಟರನು ಕಾಣಿಕೆಯಾಗಿ ಕೊಟ್ಟ ಖಡ್ಗ.

ಸಾಯಹೊರಡುವ ಮುನ್ನ ಅವನಾಡುವ ಮಾತುಗಳನ್ನು ನೀವು ಎರಡು ಸಲವಾದರೂ ಓದಬೇಕು. ಚಳಿಗಾಲ ಬೇಸಗೆಗೆ ಎಡೆಗೊಡುತ್ತದೆ, ಇರುಳು ಹಗಲಿಗೆ ದಾರಿಬಿಡುತ್ತದೆ, ಅಂತೆಯೇ ತಾನೂ ಬಾಗಬೇಕೆಂಬ ಭಾವ ಅಲ್ಲಿದೆ. ಮಡದಿಯಂತಿದ್ದ ಸೆರೆಯಾಳು ಟೆಕ್ಮೆಸ್ಸಾ ಅದನ್ನು ಕೇಳಿ ನೆಮ್ಮದಿಗೊಳ್ಳುತ್ತಾಳೆ. ಅವನು ಅವಳನ್ನು ವಂಚಿಸಿದನೋ, ನಿಜವಾಗಿ ಅರಿತನೋ ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ನಮಗೆ ತೋರುವುದಿಷ್ಟು: ಬಾಗುವುದೇ ಲೋಕದ ನಿಯಮವೆಂದು ಅವನಿಗೆ ಸಂಪೂರ್ಣ ಅರಿವಾಗಿದೆ, ಬಾಗಿ ಬದುಕಲು ಅವನಿಂದಾಗದು. ಅರಿವಿಗೂ ಸ್ವಭಾವಕ್ಕೂ ನಡುವಿನ ಈ ಬಿರುಕೇ ಅವನ ಪತನ. ಅರಿಸ್ಟಾಟಲನು ದುರಂತ ನಾಯಕನಿಗೆ ಹೇಳಿದ 'ಹಮಾರ್ತಿಯ' ಎಂಬ ಪದವನ್ನು ಪಾಪವೆಂದು ಭಾಷಾಂತರಿಸುವವರು ಇಲ್ಲಿ ತಡೆದು ಯೋಚಿಸಬೇಕು. ಗುರಿ ತಪ್ಪುವುದೆಂಬುದು ಅದರ ಮೂಲಾರ್ಥ.

ಬಿ. ಎಂ. ಶ್ರೀಕಂಠಯ್ಯನವರು ಈ ನಾಟಕವನ್ನು ಭಾರತದ ಕಥೆಗೆ ಒಗ್ಗಿಸಿ 1929ರಲ್ಲಿ 'ಅಶ್ವತ್ಥಾಮನ್' ಬರೆದುದನ್ನು ವಾಚಕರು ಬಲ್ಲರು. ಚಿರಂಜೀವಿಯೆನಿಸಿದವನನ್ನು ರಂಗದ ಮೇಲೆ ಸಾಯಿಸಬಹುದೇ ಎಂಬ ಆಕ್ಷೇಪ ಎದ್ದಿತು. ಅದು ಪುರಾಣದ ಪ್ರಶ್ನೆ. ಕಾವ್ಯದ ಪ್ರಶ್ನೆ ಬೇರೆಯಿದೆ. ಭಾರತದ ಅಶ್ವತ್ಥಾಮನ ಕೈಗೆ ಹತ್ತಿದ್ದು ಮಲಗಿದ್ದ ಉಪಪಾಂಡವರ ರಕ್ತ. ಏಜಾಕ್ಸನ ಕೈಗೆ ಹತ್ತಿದ್ದು ಮೂಕಪ್ರಾಣಿಗಳದು. ಘೋರ ಪಾತಕವೇ ನಡೆದುಹೋದ ಕಥೆಯಲ್ಲಿ ದಂಡನೆಯ ನ್ಯಾಯವನ್ನು ಓದುಗನು ಶಂಕಿಸುವುದು ವಿರಳ. ಸೊಫೊಕ್ಲಿಸನು ಆ ಶಂಕೆಯನ್ನು ಕೊನೆಯವರೆಗೂ ಉಳಿಸಿಕೊಂಡನು.

ಸುಮಾರು 1420 ಸಾಲುಗಳ ನಾಟಕದಲ್ಲಿ ನಾಯಕನು 865ರ ಹೊತ್ತಿಗೇ ಸಾಯುತ್ತಾನೆ. ಉಳಿದದ್ದೆಲ್ಲ ಶವಸಂಸ್ಕಾರದ ಜಗಳ. ನಾಟಕ ಎರಡು ತುಂಡಾಯಿತೆಂಬ ದೂರು ಹಳೆಯದು. ಮೆನೆಲೌಸ್, ಅಗಮೆಮ್ನಾನರ ಬಿರುನುಡಿಗಳು ದೀರ್ಘವಾದುವೆಂಬುದೂ ನಿಜವೇ. ಆದರೆ ಆ ಭಾಗವಿಲ್ಲದಿದ್ದರೆ ಒಡಿಸ್ಯೂಸನು ಮರಳಿ ಬರುತ್ತಿರಲಿಲ್ಲ. ಹೆಣವನ್ನು ಹದ್ದುಗಳಿಗೆ ಎಸೆಯಬೇಕೆಂಬ ದೊರೆಗಳೆದುರು ನಿಂತು, ಇವನು ನನ್ನ ಹಗೆ, ಆದರೂ ಅಕಿಲೀಸನ ತರುವಾಯ ನಮ್ಮಲ್ಲಿ ಇವನೇ ಶ್ರೇಷ್ಠನೆಂದು ವಾದಿಸಿ ಸಮಾಧಿಗೆ ಒಪ್ಪಿಸುವವನು ಅವನು. ಅಥೀನೆ ಮೊದಲ ದೃಶ್ಯದ ಬಳಿಕ ರಂಗಕ್ಕೆ ಬರುವುದೇ ಇಲ್ಲ. ಸಂಸ್ಕಾರಕ್ಕೆ ತಾನೂ ಕೈಗೂಡಿಸುವೆನೆಂದು ಒಡಿಸ್ಯೂಸನು ಬೇಡಿದಾಗ, ಸತ್ತವನ ತಮ್ಮ ಟ್ಯೂಸರನು ಅವನನ್ನು ಮನಸಾರೆ ಹೊಗಳುತ್ತಾನೆ. ಆದರೆ ದೇಹವನ್ನು ಮುಟ್ಟಗೊಡುವುದಿಲ್ಲ, ಅಣ್ಣನಿಗೆ ಅದು ಹಿಡಿಸದೇನೋ ಎಂಬ ಅಳುಕಿನಿಂದ. ಒಡಿಸ್ಯೂಸನು ಆ ಮಾತನ್ನು ಮನ್ನಿಸಿ ಹೊರಟುಹೋಗುತ್ತಾನೆ.