ನೀರಿನ ಟ್ಯಾಂಕಿಗೆ ಕರೆಂಟು ಎಲ್ಲಿಂದ ಬಂತು?

ಕಳೆದ ತಿಂಗಳ ಕೂಟಕ್ಕೆ ಬಾರದವರಿಗೆ ಮೊದಲು ಒಂದು ತಪ್ಪೊಪ್ಪಿಗೆ. ಅವತ್ತು ಪುಸ್ತಕದ ಚರ್ಚೆ ಬೇಗ ಮುಗಿದುಹೋಯಿತು. ಹೊರಗೆ ಹಿಮ ಬೀಳುತ್ತಿತ್ತು, ಚಿತ್ರಾನ್ನ ಇನ್ನೂ ಉಳಿದಿತ್ತು. ಯಾರೋ ‘ಶೋಲೆ’ ಹಾಕೋಣ ಅಂದರು, ಹಾಕಿದೆವು. ವೀರು ಕುಡಿದು ನೀರಿನ ಟ್ಯಾಂಕ್ ಹತ್ತಿ, ಬಸಂತಿಯನ್ನು ಕೊಡದಿದ್ದರೆ ಹಾರಿಬಿಡುತ್ತೇನೆ ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದಾಗ ನಮ್ಮಲ್ಲೊಬ್ಬರು ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದರು. “ಸ್ವಾಮಿ, ಈ ಊರಲ್ಲಿ ಕರೆಂಟೇ ಇಲ್ಲ. ಠಾಕೂರನ ಮನೆಯಲ್ಲೇ ದೀಪ ಹಚ್ಚುತ್ತಾರೆ. ಹಾಗಾದರೆ ಅಷ್ಟೆತ್ತರದ ಟ್ಯಾಂಕಿಗೆ ನೀರು ಏರಿಸಿದವರು ಯಾರು?”

ಪ್ರಶ್ನೆ ಹೊಸದೇನಲ್ಲ, ‘ಶೋಲೆ’ಯಷ್ಟೇ ಹಳೆಯದು. ಆದರೂ ನಕ್ಕೆವು. ಎಂಜಿನಿಯರುಗಳೇ ತುಂಬಿರುವ ಕೂಟ ನಮ್ಮದು. ಡೀಸೆಲ್ ಪಂಪ್ ಇರಬಹುದಲ್ಲ ಎಂದು ಒಬ್ಬರು, ಇದ್ದರೆ ಹೆಂಗಸರು ಯಾಕೆ ನೀರು ಹೊರಬೇಕು ಎಂದು ಇನ್ನೊಬ್ಬರು. ಅಲ್ಲಿಂದ ಮುಂದೆ ಚಿತ್ರ ಓಡಲೇ ಇಲ್ಲ. ಸಂಜೀವ್ ಕುಮಾರರ ‘ಕತ್ತರಿಸಿದ’ ಕೈಗಳು ಅಂಗಿಯೊಳಗೆ ಎಲ್ಲಾದರೂ ಉಬ್ಬಿ ಕಾಣುತ್ತವೆಯೇ ಎಂದು ಹಿಂದೆ ಮುಂದೆ ಓಡಿಸಿದೆವು, ನಿಲ್ಲಿಸಿದೆವು, ದೊಡ್ಡದು ಮಾಡಿ ನೋಡಿದೆವು. ಹೊತ್ತಾಯಿತು. ಎಲ್ಲರೂ ಜಾಕೆಟ್ ತೊಟ್ಟುಕೊಳ್ಳುವಾಗ ನಮ್ಮ ಹಿರಿಯ ಸದಸ್ಯೆಯೊಬ್ಬರು ಮೆಲ್ಲಗೆ ಹೇಳಿದರು: “ಕೊನೆಗೆ ರಾಧಾ ಕಿಟಕಿ ಮುಚ್ಚುತ್ತಾಳಲ್ಲ, ಅದನ್ನು ನೋಡೋಣ ಅಂತ ಕೂತಿದ್ದೆ. 1975ರಲ್ಲಿ ಯಜಮಾನರ ಜೊತೆ ನೋಡಿದ್ದು. ಆಮೇಲೆ ನೋಡಿರಲಿಲ್ಲ.”

ಯಾರೂ ಮಾತಾಡಲಿಲ್ಲ. ರಿಮೋಟ್ ಯಾರ ಕೈಯಲ್ಲಿತ್ತು ಎಂದು ಕೇಳಬೇಡಿ. ಒಬ್ಬರಾದ ಮೇಲೆ ಒಬ್ಬರಂತೆ ನಾವೆಲ್ಲರೂ ಹಿಡಿದಿದ್ದೆವು. ಈ ಬರಹ ಅದರ ಪ್ರಾಯಶ್ಚಿತ್ತ ಎನ್ನಿ.

ಸಿನಿಮಾದ ತಪ್ಪು ಹಿಡಿಯುವುದರಲ್ಲಿ ಸುಖವಿದೆ, ಸುಳ್ಳೇಕೆ ಹೇಳೋಣ? ಹಿಚ್‌ಕಾಕನ ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಚಿತ್ರದಲ್ಲಿ ಮೌಂಟ್ ರಶ್ಮೋರ್ ಬೆಟ್ಟದ ಕೆಫೆಟೇರಿಯಾದೊಳಗೆ ನಾಯಕಿ ಪಿಸ್ತೂಲು ತೆಗೆದು ನಾಯಕನಿಗೆ ಗುಂಡು ಹೊಡೆಯುತ್ತಾಳೆ. ಹಿನ್ನೆಲೆಯಲ್ಲಿ ಕುಳಿತ ಒಬ್ಬ ಪುಟ್ಟ ಹುಡುಗ ಅದಕ್ಕೆ ಮೊದಲೇ ಕಿವಿಗೆ ಬೆರಳಿಟ್ಟುಕೊಳ್ಳುತ್ತಾನೆ! ಪಾಪ, ಹಿಂದಿನ ಟೇಕುಗಳಲ್ಲಿ ಢಂ ಎಂದದ್ದು ಅವನಿಗೆ ಸಾಕಾಗಿತ್ತೋ ಏನೋ. ಪ್ರೇಕ್ಷಕರನ್ನು ಬೆಚ್ಚಿಬೀಳಿಸುವುದರಲ್ಲಿ ಅಷ್ಟು ಹೆಸರಾದ ನಿರ್ದೇಶಕನ ಗುಟ್ಟನ್ನು ಒಬ್ಬ ಹುಡುಗ ಬಿಟ್ಟುಕೊಟ್ಟ. ‘ಪಲ್ಪ್ ಫಿಕ್ಷನ್’ (1994) ನೋಡಿದ್ದೀರಾ? ಗುಂಡು ಹಾರುವ ಮೊದಲೇ ಗೋಡೆಯಲ್ಲಿ ಗುಂಡಿನ ತೂತುಗಳಿವೆ. ‘ಪ್ರೆಟಿ ವುಮನ್’ (1990) ಚಿತ್ರದ ಬೆಳಗಿನ ತಿಂಡಿಯಲ್ಲಿ ಜೂಲಿಯಾ ರಾಬರ್ಟ್ಸ್ ಕೈಯಲ್ಲಿದ್ದ ಕ್ರೊಸಾಂಟ್ ಮರುಗಳಿಗೆಯಲ್ಲಿ ಪ್ಯಾನ್‌ಕೇಕ್ ಆಗುತ್ತದೆ. ನಮ್ಮ ಹಾಡುಗಳಲ್ಲಂತೂ ಪಲ್ಲವಿಗೆ ಒಂದು ಸೀರೆ, ಚರಣಕ್ಕೆ ಒಂದು ಸೀರೆ. ಅದನ್ನು ಯಾರೂ ತಪ್ಪು ಅನ್ನುವುದಿಲ್ಲ, ಅದು ಸಂಪ್ರದಾಯ. ತಪ್ಪಿಗೂ ಸಂಪ್ರದಾಯಕ್ಕೂ ನಡುವಿನ ಗೆರೆ ಎಳೆಯುವವರು ಯಾರು ಎಂಬುದೇ ಒಂದು ಒಳ್ಳೆಯ ಪ್ರಶ್ನೆ.

ಇಂಥವು ಯಾಕೆ ಆಗುತ್ತವೆ? ಸಿನಿಮಾವನ್ನು ಕತೆಯ ಕ್ರಮದಲ್ಲಿ ತೆಗೆಯುವುದಿಲ್ಲ. ತಿಂಡಿಯ ಒಂದು ದೃಶ್ಯವನ್ನೇ ಹತ್ತು ಹನ್ನೆರಡು ಸಲ, ಬೇರೆ ಬೇರೆ ಕೋನದಿಂದ, ಕೆಲವೊಮ್ಮೆ ಬೇರೆ ಬೇರೆ ದಿನ ತೆಗೆಯುತ್ತಾರೆ. ಯಾವ ಕೈಯಲ್ಲಿ ಲೋಟವಿತ್ತು, ಎಷ್ಟು ಕಾಫಿ ಉಳಿದಿತ್ತು, ಸಿಗರೇಟು ಎಷ್ಟು ಉರಿದಿತ್ತು ಎಂದು ಬರೆದಿಟ್ಟುಕೊಳ್ಳಲು ಒಬ್ಬರು ಇದ್ದೇ ಇರುತ್ತಾರೆ. ಆದರೂ ಕೊನೆಗೆ ಸಂಕಲನಕಾರನ ಮೇಜಿನ ಮೇಲೆ ಎರಡು ತುಣುಕುಗಳು ಎದುರುಬದುರಾಗುತ್ತವೆ. ಒಂದರಲ್ಲಿ ಲೋಟ ಸರಿಯಾದ ಜಾಗದಲ್ಲಿದೆ, ಇನ್ನೊಂದರಲ್ಲಿ ನಟಿಯ ಕಣ್ಣಲ್ಲಿ ಏನೋ ಮಿಂಚಿದೆ. ಯಾವುದನ್ನು ಇಟ್ಟುಕೊಳ್ಳಬೇಕು?

‘ಅಪಾಕಲಿಪ್ಸ್ ನೌ’ ಚಿತ್ರಕ್ಕೆ ಕೆಲಸ ಮಾಡಿದ ಸಂಕಲನಕಾರ ವಾಲ್ಟರ್ ಮರ್ಚ್ ‘ಇನ್ ದ ಬ್ಲಿಂಕ್ ಆಫ್ ಆನ್ ಐ’ ಎಂಬ ತನ್ನ ಪುಟ್ಟ ಪುಸ್ತಕದಲ್ಲಿ ಇದಕ್ಕೆ ಶೇಕಡಾವಾರು ಲೆಕ್ಕವನ್ನೇ ಕೊಟ್ಟಿದ್ದಾನೆ. ಒಂದು ಕಟ್ ಸರಿಯೇ ಎಂದು ತೂಗುವಾಗ ಭಾವಕ್ಕೆ 51, ಕತೆಗೆ 23, ಲಯಕ್ಕೆ 10, ನೋಡುವವರ ಕಣ್ಣು ಪರದೆಯ ಮೇಲೆ ಎಲ್ಲಿದೆ ಎಂಬುದಕ್ಕೆ 7, ಪರದೆಯ ಚಪ್ಪಟೆ ವಿನ್ಯಾಸಕ್ಕೆ 5. ಯಾರು ಎಲ್ಲಿ ನಿಂತಿದ್ದಾರೆ, ಯಾವುದು ಎಲ್ಲಿದೆ ಎಂಬ ನಿಜವಾದ ಜಾಗದ ಸುಸಂಬದ್ಧತೆಗೆ ಕೊನೆಯ 4. ತೀರಾ ನಿಖರವಾದ ಈ ಅಂಕಿಗಳಲ್ಲಿ ಒಂದಿಷ್ಟು ತುಂಟತನವಿದೆ, ನಿಜ. ಆದರೆ ಭಾವಕ್ಕೆ ಉಳಿದೆಲ್ಲಕ್ಕಿಂತ ಒಂದು ಗುಲಗಂಜಿ ಹೆಚ್ಚು ತೂಕ ಎಂದು ತೋರಿಸಲೆಂದೇ 51. ನಾವು ಅವತ್ತು ಮಧ್ಯಾಹ್ನವೆಲ್ಲ ಕೆದಕಿದ್ದು ಆ ಕೊನೆಯ ನಾಲ್ಕನ್ನು.

ಮನಃಶಾಸ್ತ್ರಜ್ಞರು ಇನ್ನೂ ಮುಂದೆ ಹೋಗಿದ್ದಾರೆ. ಡೇನಿಯಲ್ ಲೆವಿನ್ ಮತ್ತು ಡೇನಿಯಲ್ ಸೈಮನ್ಸ್ 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗಕ್ಕಾಗಿ ಇಬ್ಬರು ಹೆಂಗಸರು ಮಾತಾಡುವ ಪುಟ್ಟ ಚಿತ್ರವೊಂದನ್ನು ತೆಗೆದು, ಅದರಲ್ಲಿ ಬೇಕೆಂದೇ ಒಂಬತ್ತು ತಪ್ಪುಗಳನ್ನು ಇಟ್ಟರು. ಕತ್ತಿನ ಸ್ಕಾರ್ಫ್ ಮಾಯವಾಗುತ್ತದೆ, ಮೇಜಿನ ಮೇಲಿನ ಕೆಂಪು ತಟ್ಟೆಗಳು ಬಿಳಿಯಾಗುತ್ತವೆ. ನೋಡಿದ ಹತ್ತು ಜನರಲ್ಲಿ ಒಬ್ಬರಿಗೆ ಮಾತ್ರ, ಅದೂ ಒಂದೇ ಒಂದು ಬದಲಾವಣೆ ಕಂಡಿತು. ಅಂದರೆ ಮುಖ ನೋಡುತ್ತಿರುವವನಿಗೆ ತಟ್ಟೆ ಕಾಣುವುದಿಲ್ಲ. ತಟ್ಟೆ ಕಾಣಬೇಕಾದರೆ ಮುಖವನ್ನು ಬಿಡಬೇಕು. ವಿಸಿಆರ್, ಡಿವಿಡಿ ಬಂದ ಮೇಲೆ ನಾವು ಮುಖ ಬಿಡುವುದನ್ನು ಚೆನ್ನಾಗಿ ಕಲಿತೆವು.

ನಾವು ಓದುವವರು. ಪುಸ್ತಕದಲ್ಲಿ ಇಂಥ ಜಾರುವಿಕೆ ಸಿಕ್ಕರೆ ಏನು ಮಾಡುತ್ತೇವೆ? ಡಾಕ್ಟರ್ ವಾಟ್ಸನ್‌ಗೆ ಅಫ್ಘಾನ್ ಯುದ್ಧದಲ್ಲಿ ಬಿದ್ದ ಗುಂಡು ಮೊದಲ ಕಾದಂಬರಿಯಲ್ಲಿ (1887) ಭುಜಕ್ಕೆ, ಎರಡನೆಯದರಲ್ಲಿ (1890) ಕಾಲಿಗೆ. ಹಾಗೆಂದು ಹೋಮ್ಸನನ್ನು ಯಾರೂ ಕೆಳಗಿಟ್ಟಿಲ್ಲ.

ಇನ್ನು, ಈ ಚರ್ಚೆಗೆ ಬೇಕಾದ ಮಾತುಗಳು ನಮ್ಮವರಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಇದ್ದವು. ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಹತ್ತು ಕಾವ್ಯದೋಷಗಳನ್ನು ಹೇಳುತ್ತ ಕೊನೆಯಲ್ಲಿ ವಿರೋಧ ದೋಷಕ್ಕೆ ಬರುತ್ತಾನೆ: ದೇಶಕ್ಕೆ ವಿರುದ್ಧವಾದದ್ದು, ಕಾಲಕ್ಕೆ ವಿರುದ್ಧವಾದದ್ದು, ಕಲೆಗೆ, ಲೋಕದ ನಡವಳಿಕೆಗೆ, ನ್ಯಾಯಕ್ಕೆ, ಆಗಮಕ್ಕೆ ವಿರುದ್ಧವಾದದ್ದು. ಆ ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ ನಮ್ಮ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದದ ಹೆಸರೇ ದೋಷಾದೋಷಾನುವರ್ಣನ ನಿರ್ಣಯ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ತಪ್ಪು ಯಾವುದು, ತಪ್ಪಲ್ಲದ್ದು ಯಾವುದು ಎಂಬ ವಿಚಾರದಿಂದಲೇ ಶುರುವಾಗುತ್ತದೆ! ನಮ್ಮ ಚಾಳಿ ಎಷ್ಟು ಪುರಾತನ ನೋಡಿ.

ಆದರೆ ದಂಡಿ ಪಟ್ಟಿ ಕೊಟ್ಟು ಸುಮ್ಮನಾಗುವುದಿಲ್ಲ. ಇದೇ ವಿರೋಧ ಕೆಲವೊಮ್ಮೆ ಕವಿಯ ಕೌಶಲದಿಂದ ದೋಷಗಳ ಲೆಕ್ಕವನ್ನು ದಾಟಿ ಗುಣಗಳ ಬೀದಿಗೆ ಇಳಿಯುತ್ತದೆ ಎನ್ನುತ್ತಾನೆ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ಇದನ್ನೇ ಇನ್ನೊಂದು ರೀತಿ ಹೇಳಿದ. ತಿಳಿವಳಿಕೆಯ ಕೊರತೆಯಿಂದಾದ ದೋಷವನ್ನು ಕವಿಯ ಪ್ರತಿಭೆ ಮುಚ್ಚಿಬಿಡುತ್ತದೆ. ಪ್ರತಿಭೆಯ ಕೊರತೆಯಿಂದಾದ ದೋಷ ಮಾತ್ರ ಥಟ್ಟನೆ ಕಣ್ಣಿಗೆ ಹೊಡೆಯುತ್ತದೆ.

ಈ ಒರೆಗಲ್ಲಿಗೆ ಟ್ಯಾಂಕನ್ನು ಉಜ್ಜಿ ನೋಡೋಣ. ಜಯ್ ಕತ್ತಲಲ್ಲಿ ಕುಳಿತು ಮೌತ್ ಆರ್ಗನ್ ನುಡಿಸುತ್ತಾನೆ. ಎದುರಿನ ಮನೆಯಲ್ಲಿ ರಾಧಾ ಒಂದೊಂದೇ ದೀಪ ಆರಿಸುತ್ತ ಹೋಗುತ್ತಾಳೆ. ಇಬ್ಬರ ನಡುವೆ ಮಾತಿಲ್ಲ. ರಾಮಗಢದಲ್ಲಿ ಕರೆಂಟ್ ಇದ್ದಿದ್ದರೆ? ಅವಳು ಗೋಡೆಯ ಮೇಲಿನ ಸ್ವಿಚ್ ಒತ್ತಿ ಒಳಗೆ ಹೋಗುತ್ತಿದ್ದಳು, ಪ್ರೇಮಕತೆ ಅಲ್ಲಿಗೇ ಮುಗಿಯುತ್ತಿತ್ತು. ಆ ಕೆಲವೇ ಕ್ಷಣಗಳ ಸಂಜೆಬೆಳಕಿಗಾಗಿ ಛಾಯಾಗ್ರಾಹಕ ದ್ವಾರಕಾ ದಿವೇಚಾ ಮತ್ತು ನಿರ್ದೇಶಕ ರಮೇಶ್ ಸಿಪ್ಪಿ ದಿನಗಟ್ಟಲೆ ಕಾದರು. ಬೆಳಕಿನ ಒಂದೊಂದು ಛಾಯೆಗೂ ಇಷ್ಟು ಲೆಕ್ಕವಿಟ್ಟವರಿಗೆ ಟ್ಯಾಂಕಿನ ಪ್ರಶ್ನೆ ಹೊಳೆದಿರಲಿಲ್ಲ ಎನ್ನುವಿರಾ? ವಿಧವೆಯ ದೀಪಕ್ಕೆ ಕರೆಂಟ್ ಇಲ್ಲದ ಊರು ಬೇಕು, ಕುಡುಕನ ಹಾಸ್ಯಕ್ಕೆ ಊರಿಗೆಲ್ಲ ಕಾಣುವ ಎತ್ತರ ಬೇಕು. ಎರಡು ದೃಶ್ಯಗಳಿಗೆ ಎರಡು ಊರು ಬೇಕಾಗಿದ್ದವು, ಸಿನಿಮಾ ಎರಡನ್ನೂ ಒಂದೇ ಊರಾಗಿ ಕಟ್ಟಿಕೊಟ್ಟಿತು. ರಿಮೋಟ್ ಇಲ್ಲದಿದ್ದರೆ ನಾವೂ ಒಪ್ಪಿಕೊಂಡೇ ಇರುತ್ತಿದ್ದೆವು.

ಹಾಗೆಂದು ಎಲ್ಲವನ್ನೂ ಕ್ಷಮಿಸಬೇಕಿಲ್ಲ. ‘ಬ್ರೇವ್‌ಹಾರ್ಟ್’ (1995) ಚಿತ್ರದಲ್ಲಿ 1297ರ ಸ್ಟರ್ಲಿಂಗ್ ಸೇತುವೆಯ ಕದನವಿದೆ, ಸೇತುವೆ ಮಾತ್ರ ಇಲ್ಲ! ನಗಬೇಡಿ, ಆ ಸೇತುವೆಯೇ ಕದನದ ಜೀವ. ಕಿರಿದಾದ ಸೇತುವೆಯ ಮೇಲೆ ಇಂಗ್ಲಿಷ್ ಸೈನ್ಯ ಸ್ವಲ್ಪ ಸ್ವಲ್ಪವೇ ದಾಟುವಾಗ, ಅರ್ಧ ಈಚೆ ಅರ್ಧ ಆಚೆ ಇರುವ ಹೊತ್ತು ನೋಡಿ ವಾಲೇಸ್ ಮತ್ತು ಆಂಡ್ರ್ಯೂ ಮೊರೆ ಮೇಲೆ ಬಿದ್ದರು. ಸಂಖ್ಯೆಯಲ್ಲಿ ಕಡಿಮೆಯಿದ್ದವರು ಗೆದ್ದದ್ದು ಬುದ್ಧಿಯಿಂದ. ಸೇತುವೆ ತೆಗೆದು ಬಯಲಿನಲ್ಲಿ ಅರಚುತ್ತ ಓಡಿಸಿದ್ದರಿಂದ ವಾಲೇಸನ ಬುದ್ಧಿಯೇ ಹೋಗಿ ಬರೀ ಗಂಟಲು ಉಳಿಯಿತು. ಅದೇ ಚಿತ್ರದಲ್ಲಿ ವಾಲೇಸನನ್ನು ಪ್ರೀತಿಸುವ ರಾಜಕುಮಾರಿ ಇಸಬೆಲ್ಲಾ, 1305ರಲ್ಲಿ ಅವನನ್ನು ಗಲ್ಲಿಗೇರಿಸಿದಾಗ, ಹತ್ತು ವರ್ಷದ ಆಸುಪಾಸಿನ ಹುಡುಗಿ, ಇನ್ನೂ ಫ್ರಾನ್ಸಿನಲ್ಲಿದ್ದಳು. ಇಲ್ಲಿ ಕಾಲವಿರೋಧದಿಂದ ಒಂದು ದೀಪವೂ ಹೊತ್ತಿಕೊಳ್ಳುವುದಿಲ್ಲ. ಐದು ಆಸ್ಕರ್ ಬಂದ ಚಿತ್ರದ ಬಗ್ಗೆ ಹೀಗೆ ಹೇಳುತ್ತಿದ್ದೇವಲ್ಲ ಎಂದು ಕೆಲವರಿಗೆ ಸಿಟ್ಟು ಬರಬಹುದು, ಬರಲಿ.

ಈಗಂತೂ ತಪ್ಪನ್ನು ಆಮೇಲೂ ಅಳಿಸಬಹುದು. ‘ಟೈಟಾನಿಕ್’ (1997) ಚಿತ್ರದ ಆಕಾಶದಲ್ಲಿ ನಕ್ಷತ್ರಗಳು ಸರಿಯಿಲ್ಲ ಎಂದು ಖಗೋಳಶಾಸ್ತ್ರಜ್ಞ ನೀಲ್ ಡಿಗ್ರಾಸ್ ಟೈಸನ್ ಬೆನ್ನು ಬಿಡದೆ ಹೇಳಿದ್ದಕ್ಕೆ ಕ್ಯಾಮರೂನ್ 2012ರ ಮರುಬಿಡುಗಡೆಯಲ್ಲಿ ತಿದ್ದಿದ. 2019ರಲ್ಲಿ ‘ಗೇಮ್ ಆಫ್ ಥ್ರೋನ್ಸ್’ನ ಔತಣದ ಮೇಜಿನ ಮೇಲೆ ಮರೆತುಹೋದ ಕಾಫಿ ಲೋಟವನ್ನು ಪ್ರಸಾರವಾದ ಕೆಲವೇ ದಿನಗಳಲ್ಲಿ ಕಂಪ್ಯೂಟರಿನಿಂದ ಒರೆಸಿಹಾಕಿದರು. ನಮಗೆ ಇವೆರಡಕ್ಕಿಂತ ಇಷ್ಟವಾದದ್ದು ‘ಸ್ಟಾರ್ ವಾರ್ಸ್’ನವರ ಉತ್ತರ. 1977ರ ಚಿತ್ರದಲ್ಲಿ ಒಬ್ಬ ಸೈನಿಕ ಬಾಗಿಲಿಗೆ ತಲೆ ಚಚ್ಚಿಕೊಳ್ಳುತ್ತಾನೆ. 2004ರ ಡಿವಿಡಿಯಲ್ಲಿ ಅದನ್ನು ತೆಗೆಯಲಿಲ್ಲ, ಬದಲಿಗೆ ಠಣ್ ಎಂಬ ಸದ್ದು ಸೇರಿಸಿದರು!

ಕೊನೆಗೆ ನಮ್ಮದೇ ವಿಷಯ. ನಾವು ಅನಿವಾಸಿಗಳು ಈ ಕೆಲಸದಲ್ಲಿ ಸ್ವಲ್ಪ ಹೆಚ್ಚೇ ಚುರುಕು. ನ್ಯೂಯಾರ್ಕ್ ಎಂದು ಹೇಳಿ ಟೊರಾಂಟೊ ತೋರಿಸಿದರೆ ಹಿಡಿಯುತ್ತೇವೆ. ಕಾದಂಬರಿಯ ನಾಯಕ ಮಲ್ಲೇಶ್ವರದಲ್ಲಿ ತಪ್ಪು ಅಡ್ಡರಸ್ತೆಗೆ ತಿರುಗಿದರೆ ಸಾಕು, ಲೇಖಕರ ಮೇಲೆ ಮುಗಿಬೀಳುತ್ತೇವೆ. ಬಿಟ್ಟುಬಂದ ಊರಿನ ನಕ್ಷೆಯನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡವರಿಗೆ ಅದರಲ್ಲಿ ಯಾರಾದರೂ ಗೆರೆ ತಪ್ಪಿಸಿದರೆ ಸಹಿಸಲಾಗುವುದಿಲ್ಲ.

ಆದರೆ ವಿಚಿತ್ರ ನೋಡಿ. ಟ್ಯಾಂಕಿನ ಬಗ್ಗೆ ಅಷ್ಟು ಜಗಳವಾಡಿದ ನಾವು, ‘ಶೋಲೆ’ಯ ಅತಿ ದೊಡ್ಡ ದೇಶವಿರೋಧದ ಬಗ್ಗೆ ತುಟಿ ಬಿಚ್ಚಲಿಲ್ಲ. ಉತ್ತರದ ಹಳ್ಳಿಯಂತೆ ಹಿಂದಿ ಮಾತಾಡುವ ರಾಮಗಢದ ಬೆನ್ನಿಗೆ ನಿಂತಿರುವುದು ನಮ್ಮ ರಾಮನಗರದ ಬಂಡೆಗಳು! ಮೈಸೂರು ರೈಲಿನ ಕಿಟಕಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ಕಂಡವು. ಅವು ತೆರೆಯ ಮೇಲೆ ಬಂದಾಗ ಕೂಟದಲ್ಲಿ ಅರ್ಧ ಜನ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ್ದರು. ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ತೆಗೆದಾಗ, ಫಾರ್ಸ್ಟರ್ ಬಿಹಾರದ ಬರಾಬರ್ ಗುಹೆಗಳನ್ನು ನೆನೆದು ಬರೆದ ಮರಾಬಾರ್ ಬೆಟ್ಟಕ್ಕೆ ಮಾಗಡಿಯ ಬಳಿಯ ಸಾವನದುರ್ಗವನ್ನು ಬಳಸಿದ. ಅದನ್ನು ನೋಡಿದಾಗಲೂ ನಮ್ಮಲ್ಲಿ ಯಾರೂ ತಪ್ಪು ಅನ್ನಲಿಲ್ಲ, ಶಿಳ್ಳೆ ಹೊಡೆದೆವು. ದಂಡಿಯ ಗುಣಗಳ ಬೀದಿ ಬಹುಶಃ ಮಾಗಡಿ ರಸ್ತೆಯ ಕಡೆಯೇ ಎಲ್ಲೋ ಇದ್ದೀತು.

ಮುಂದಿನ ಕೂಟದಲ್ಲಿ ಪುಸ್ತಕದ ಚರ್ಚೆ ಇರುವುದಿಲ್ಲ. ‘ಶೋಲೆ’ಯನ್ನು ನಿಲ್ಲಿಸಿದಲ್ಲಿಂದ, ಅಂದರೆ ಟ್ಯಾಂಕಿನ ಮೇಲಿಂದ ಶುರುಮಾಡಿ ರಾಧಾ ಕಿಟಕಿ ಮುಚ್ಚುವವರೆಗೆ ನೋಡುತ್ತೇವೆ. ಊಟ ಎಂದಿನಂತೆ, ಒಬ್ಬೊಬ್ಬರೂ ಒಂದೊಂದು ಪದಾರ್ಥ ತನ್ನಿ. ರಿಮೋಟ್ ನಮ್ಮ ಹಿರಿಯ ಸದಸ್ಯೆಯ ಕೈಯಲ್ಲಿರುತ್ತದೆ.